ಕತ್ತರಿಸಿ ಓದಿಸಿ, ತಿದ್ದಿ ಓದಿಸಬೇಡಿ: ಒಂಬತ್ತನೇ ತರಗತಿಗೆ ಡಿಕನ್ಸ್

ಪ್ರಶ್ನೆ: ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಕನ್ನಡ. ಈ ವರ್ಷ ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಲಿಸಬೇಕು. 14 ವಾರ ಇದೆ, ವಾರಕ್ಕೆ 40 ನಿಮಿಷದ ಮೂರು ಪೀರಿಯಡ್. ಕಳೆದ ಸಲ ಮೂರನೇ ಅಧ್ಯಾಯ ಮುಗಿಯುವುದರೊಳಗೆ ಅರ್ಧ ತರಗತಿ ಪುಸ್ತಕ ಮುಚ್ಚಿಟ್ಟಿತು, ಉಳಿದವರು ಗೈಡ್ ಓದಿ ಪರೀಕ್ಷೆ ಬರೆದರು. ಸಂಕ್ಷಿಪ್ತ ಆವೃತ್ತಿ ಕೊಡಲೇ? ಮೊದಲು ಆ ಕಾಲದ ಇಂಗ್ಲೆಂಡಿನ ಬಗ್ಗೆ ಪಾಠ ಮಾಡಬೇಕೇ? ಸಿನಿಮಾ ತೋರಿಸಬಹುದೇ?

ಉತ್ತರ: ಮೊದಲು ನಿಮ್ಮ ಸಮಯದ ಲೆಕ್ಕ ನೋಡೋಣ. ಕಾದಂಬರಿಯಲ್ಲಿ 59 ಅಧ್ಯಾಯ, ಸುಮಾರು 1,85,000 ಪದ. ನಿಮಿಷಕ್ಕೆ 150 ಪದದಂತೆ ಗಟ್ಟಿಯಾಗಿ ಓದಿದರೆ 20 ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಅಂದರೆ ನಿಮ್ಮ 42 ಪೀರಿಯಡ್‌ಗಳಲ್ಲಿ 31 ಬರೀ ಓದಿಗೇ ಹೋಗುತ್ತವೆ. ಇಡೀ ಪುಸ್ತಕವನ್ನು ತರಗತಿಯಲ್ಲಿ ಓದಿಸಲು ಆಗದು. ಮನೆಯಲ್ಲಿ ಓದಿ ಬನ್ನಿ ಎಂದರೆ ಕಳೆದ ಸಲ ಆದದ್ದೇ ಮತ್ತೆ ಆಗುತ್ತದೆ. ಹಾಗಾಗಿ ಕತ್ತರಿಸಲೇಬೇಕು. ಎಲ್ಲಿ ಕತ್ತರಿಸುತ್ತೀರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸಂಕ್ಷಿಪ್ತ ಆವೃತ್ತಿ ವಾಕ್ಯಗಳನ್ನು ಕತ್ತರಿಸುತ್ತದೆ. ನೀವು ಅಧ್ಯಾಯಗಳನ್ನು ಕತ್ತರಿಸಿ. ಓದಿಸುವ ಅಧ್ಯಾಯದಲ್ಲಿ ಒಂದು ಪದವನ್ನೂ ಮುಟ್ಟಬೇಡಿ, ಓದಿಸದ ಅಧ್ಯಾಯವನ್ನು ಪೂರ್ತಿ ಬಿಟ್ಟು ಅದರ ಕತೆಯನ್ನು ನೀವೇ ಹೇಳಿ. ಯಾಕೆ ಎನ್ನುವುದು ಮೊದಲ ಅಧ್ಯಾಯದಲ್ಲೇ ಕಾಣುತ್ತದೆ. ಜವುಗು ನೆಲದ ನಡುವಿನ ಸ್ಮಶಾನದಲ್ಲಿ ಕೈದಿಯೊಬ್ಬ ಧುತ್ತೆಂದು ಎದ್ದು ನಿಲ್ಲುತ್ತಾನೆ. ಸಂಕ್ಷಿಪ್ತ ಪುಸ್ತಕವಾದರೆ ‘ಕಾಲಿಗೆ ಬೇಡಿ ಹಾಕಿದ ಭಯಂಕರ ಮನುಷ್ಯ ನನ್ನ ಗದ್ದ ಹಿಡಿದ’ ಎಂದು ಮುಗಿಸಿಬಿಡುತ್ತದೆ. ಡಿಕನ್ಸ್ ಹಾಗೆ ಮಾಡುವುದಿಲ್ಲ. ಅವನು ಎರಡು ತುಂಡು ವಾಕ್ಯ ಬರೆಯುತ್ತಾನೆ, ಅವಕ್ಕೆ ಪ್ರಧಾನ ಕ್ರಿಯಾಪದವೇ ಇಲ್ಲ. ಹೆದರಿದ ಹುಡುಗ, ಕಥಾನಾಯಕ ಪಿಪ್‌ನ ಕಣ್ಣು ಬೂದು ಬಟ್ಟೆಯಿಂದ ಕಬ್ಬಿಣಕ್ಕೆ, ಹರಿದ ಬೂಟಿಗೆ, ತಲೆಗೆ ಸುತ್ತಿದ ಚಿಂದಿಗೆ ಹಾರುತ್ತದೆ, ಅಷ್ಟೆ. ಆಮೇಲೆ ಉದ್ದ ವಾಕ್ಯ. ಅದರಲ್ಲಿ ಮೊದಲು ಆರು ಕ್ರಿಯಾಪದ, ಆರೂ ಕರ್ಮಣಿಯಲ್ಲಿ: ನೀರು ಅವನನ್ನು ನೆನೆಸಿದೆ, ಕೆಸರು ಮುಚ್ಚಿದೆ, ಕಲ್ಲು ಕುಂಟಾಗಿಸಿದೆ, ಚೂಪುಗಲ್ಲು ಕೊಯ್ದಿದೆ, ತುರಿಕೆ ಸೊಪ್ಪು ಉರಿಸಿದೆ, ಮುಳ್ಳುಕಂಟಿ ಹರಿದಿದೆ. ಅದಾದ ಮೇಲೆ ಅವನಾಗಿಯೇ ಮಾಡುವ ನಾಲ್ಕು: ಕುಂಟುತ್ತಾನೆ, ನಡುಗುತ್ತಾನೆ, ದುರುಗುಟ್ಟುತ್ತಾನೆ, ಗುರ್ ಎನ್ನುತ್ತಾನೆ. ಗದ್ದ ಹಿಡಿಯುವುದು ಕಟ್ಟಕಡೆಗೆ. ಅವನು ಹುಡುಗನಿಗೆ ಏನಾದರೂ ಮಾಡುವ ಮೊದಲು ಲೋಕ ಅವನಿಗೆ ಏನೇನು ಮಾಡಿದೆ ಎಂದು ಓದುಗರಿಗೆ ಗೊತ್ತಾಗಿಬಿಡುತ್ತದೆ. ಭಯ ಮತ್ತು ಮರುಕ ಒಂದೇ ವಾಕ್ಯದಲ್ಲಿ ಹೆಣೆದುಕೊಳ್ಳುತ್ತವೆ, ಮುಂದಿನ 58 ಅಧ್ಯಾಯಗಳ ಬೀಜ ಅಲ್ಲಿದೆ. ಸಂಕ್ಷಿಪ್ತ ಆವೃತ್ತಿ ಎಸೆಯುವುದು ಇದನ್ನೇ. ಉಳಿಯುವ ಕತೆಯಷ್ಟೇ ಸಾಕು ಎನ್ನುವುದಾದರೆ ಗೈಡ್‌ಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನು ಯಾವ ಅಧ್ಯಾಯ ಯಾವ ಗುಂಪಿಗೆ ಎಂದು ಹೇಳುತ್ತೇನೆ. ತರಗತಿಯಲ್ಲಿ ಅಕ್ಷರಶಃ ಓದಲೇಬೇಕಾದವು 21: 1, 2, 5, 7, 8, 9, 11, 18, 19, 22, 27, 29, 38, 39, 42, 44, 49, 54, 56, 57, 59. ಮನೆ ಓದಿಗೆ 17: 3, 4, 6, 10, 13, 14, 15, 17, 20, 25, 28, 35, 36, 40, 51, 53, 58. ಇವುಗಳಲ್ಲಿ 6 ಮತ್ತು 14 ಬಹಳ ಚಿಕ್ಕವು. 53ನೆಯದು ಸುಣ್ಣದ ಗೂಡಿನ ಬಳಿಯ ಕೊಲೆ ಯತ್ನ, ಅದನ್ನು ಯಾರೂ ಓದದೆ ಬರುವುದಿಲ್ಲ. ಉಳಿದ 21 ಅಧ್ಯಾಯಗಳಿಗೆ ತಲಾ 80ರಿಂದ 100 ಪದಗಳ ಸಾರಾಂಶವನ್ನು ನೀವೇ ಬರೆದು ಹಂಚಿ. ಪುಸ್ತಕಕ್ಕೆ ಈಗ ಹಕ್ಕುಸ್ವಾಮ್ಯವಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಮೂಲ ಪಠ್ಯ ಉಚಿತವಾಗಿ ಸಿಗುತ್ತದೆ, ಬೇಕಾದ ಪುಟಗಳನ್ನು ದೊಡ್ಡ ಅಕ್ಷರದಲ್ಲಿ, ಬದಿಯಲ್ಲಿ ಜಾಗ ಬಿಟ್ಟು ಮುದ್ರಿಸಿಕೊಳ್ಳಬಹುದು. ಸರಾಸರಿ ಅಧ್ಯಾಯ ಗಟ್ಟಿ ಓದಿಗೆ 21 ನಿಮಿಷ ತೆಗೆದುಕೊಳ್ಳುತ್ತದೆ, ಒಂದು ಪೀರಿಯಡ್‌ನಲ್ಲಿ ಒಂದು ಅಧ್ಯಾಯ ಓದಿ ಅಷ್ಟೇ ಹೊತ್ತು ಮಾತಾಡಬಹುದು. 8, 27, 39 ಮತ್ತು 59ಕ್ಕೆ ಎರಡೆರಡು ಪೀರಿಯಡ್ ಇಡಿ. ಅಲ್ಲಿಗೆ 25 ಆಯಿತು. ಉಳಿದ 17ರಲ್ಲಿ ಮನೆ ಓದಿನ ಚರ್ಚೆ, ಬರವಣಿಗೆ, ಪರೀಕ್ಷೆ ಎಲ್ಲ ಹಿಡಿಸುತ್ತವೆ. 28ನೇ ಅಧ್ಯಾಯವನ್ನು ಮಾತ್ರ ಸಾರಾಂಶದ ಗುಂಪಿಗೆ ತಳ್ಳಬೇಡಿ. ನೋಡಲು ಮಾಮೂಲಿ ಕೋಚ್ ಪ್ರಯಾಣ, ಆದರೆ ಅದರಲ್ಲೊಂದು ಸುಳಿವಿದೆ.

ಹೀಗೆ ತುಂಡು ತುಂಡಾಗಿ ಓದುವುದು ಕಾದಂಬರಿಗೆ ಹೊಸದಲ್ಲ, ಅದು ಹುಟ್ಟಿದ್ದೇ ಹಾಗೆ. ಡಿಕನ್ಸ್ ತಾನೇ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ 36 ಕಂತುಗಳಲ್ಲಿ ಇದು ಬಂತು. ಮೊದಲ ಕಂತಿನಲ್ಲಿದ್ದದ್ದು 1 ಮತ್ತು 2ನೇ ಅಧ್ಯಾಯ. ಕನ್ನಡ ವಾರಪತ್ರಿಕೆಗಳ ಧಾರಾವಾಹಿಗಾಗಿ ಕಾದು ಕೂರುತ್ತಿದ್ದವರು ಮಕ್ಕಳ ಮನೆಯಲ್ಲೂ ಇರುತ್ತಾರೆ, ಅಜ್ಜಿಯನ್ನೋ ಅಮ್ಮನನ್ನೋ ಕೇಳಿಕೊಂಡು ಬರಲಿ. ಒಂದು ಲೆಕ್ಕವನ್ನೂ ಹಲಗೆಯ ಮೇಲೆ ಮಾಡಿಸಿ. ಪತ್ರಿಕೆಯ ಬೆಲೆ 2 ಪೆನ್ಸ್, 36 ವಾರಕ್ಕೆ 72 ಪೆನ್ಸ್. ಒಂದು ಶಿಲ್ಲಿಂಗ್‌ಗೆ 12 ಪೆನ್ಸ್, ಹಾಗಾಗಿ ಇಡೀ ಕಾದಂಬರಿ 6 ಶಿಲ್ಲಿಂಗ್‌ಗೆ ಕೈಗೆ ಬಂತು. ಅದೇ ಕತೆ 1861ರಲ್ಲಿ ಮೂರು ಸಂಪುಟಗಳ ಪುಸ್ತಕವಾದಾಗ ಬೆಲೆ 31 ಶಿಲ್ಲಿಂಗ್ 6 ಪೆನ್ಸ್, ಐದು ಪಟ್ಟಿಗಿಂತ ಹೆಚ್ಚು. ಅಧ್ಯಾಯದ ಕೊನೆಯಲ್ಲಿ ಯಾಕೆ ಯಾರೋ ಬಾಗಿಲು ಬಡಿಯುತ್ತಾರೆ ಎಂದು ಆಮೇಲೆ ವಿವರಿಸಬೇಕಾಗಿಲ್ಲ.

ಹಿನ್ನೆಲೆ ಪಾಠವನ್ನು ಮೊದಲು ಮಾಡಬೇಡಿ. ರಾಣಿ ವಿಕ್ಟೋರಿಯಾ, ಕೈಗಾರಿಕಾ ಕ್ರಾಂತಿ, ಬಡವರ ಕಾಯ್ದೆ ಎಂದು ಎರಡು ಪೀರಿಯಡ್ ಭಾಷಣವಾದರೆ ಕತೆ ಶುರುವಾಗುವ ಮೊದಲೇ ಅದು ಇತಿಹಾಸದ ಪಾಠವಾಗಿಬಿಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಬರೆದದ್ದು ವಿಕ್ಟೋರಿಯಾ ಕಾಲದಲ್ಲಾದರೂ ಕತೆ ನಡೆಯುವುದು ಅದಕ್ಕೂ ಮೊದಲು. ತಪ್ಪಿಸಿಕೊಂಡ ಕೈದಿಯನ್ನು ಹಿಡಿಯಲು ಸೈನಿಕರು ಬರುವುದು ದೊರೆಯ ಹೆಸರಿನಲ್ಲಿ, ರಾಣಿಯ ಹೆಸರಿನಲ್ಲಲ್ಲ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಪಿಪ್ ಲಂಡನ್ನಿಗೆ ಹೋಗುವುದು ಕುದುರೆ ಕೋಚಿನಲ್ಲಿ, ರೈಲಿನಲ್ಲಲ್ಲ. ಇದನ್ನು ಗಮನಿಸದ ಮಕ್ಕಳು ಉತ್ತರಪತ್ರಿಕೆಯಲ್ಲಿ ‘ವಿಕ್ಟೋರಿಯನ್ ಸಮಾಜದಲ್ಲಿ’ ಎಂದು ಶುರುಮಾಡಿ ಯಾವ ಕಾದಂಬರಿಗೂ ಹೊಂದುವ ಒಂದು ಪುಟ ಬರೆದುಬಿಡುತ್ತಾರೆ.

ಹಿನ್ನೆಲೆ ಬೇಕಾದಾಗ, ಬೇಕಾದಷ್ಟು, ಐದು ನಿಮಿಷ. ಮೊದಲ ಓದಿಗೆ ಮುನ್ನ ಆರು ಪದ ಸಾಕು: ಕುಲುಮೆ, ಅರ, ಕಾಲುಬೇಡಿ, ಜವುಗು, ಗಲ್ಲುಗಂಬ, ಸೆರೆಹಡಗು. ಈ ಆರಕ್ಕೆ ಚಿತ್ರ ತೋರಿಸಿ, ಹಳ್ಳಿಯ ಕಮ್ಮಾರರ ಕುಲುಮೆಯನ್ನು ಕಂಡ ಮಕ್ಕಳಿದ್ದರೆ ಅವರೇ ವಿವರಿಸಲಿ. ಸೆರೆಹಡಗು ಎಂದರೆ ಸಮುದ್ರಕ್ಕೆ ಲಾಯಕ್ಕಿಲ್ಲದ ಹಳೆ ಹಡಗನ್ನು ಲಂಗರು ಹಾಕಿ ಜೈಲು ಮಾಡಿಕೊಂಡದ್ದು. 1776ರಲ್ಲಿ ಶುರುವಾದ ಈ ಪದ್ಧತಿ ನಿಂತದ್ದು 1857ರಲ್ಲಿ, ಕಾದಂಬರಿ ಬರುವುದಕ್ಕೆ ಮೂರೇ ವರ್ಷ ಮೊದಲು. ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡುವುದನ್ನು 39ನೇ ಅಧ್ಯಾಯ ಬಂದಾಗ ಹೇಳಿ. ಅದು ನಮ್ಮ ಮಕ್ಕಳಿಗೆ ದೂರದ ಮಾತಲ್ಲ. ಕರಿನೀರಿನ ಶಿಕ್ಷೆ ಎಂದರೆ ಸಾಕು, ಅಂಡಮಾನ್ ನೆನಪಾಗುತ್ತದೆ. 1858ರಿಂದ ಅಲ್ಲಿಗೆ ಕೈದಿಗಳನ್ನು ಸಾಗಿಸಿದ್ದೂ ಇದೇ ಬ್ರಿಟಿಷ್ ಆಡಳಿತವೇ.

ಹಣದ ವಿಷಯದಲ್ಲಿ ಮಾತ್ರ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಬಿಡಿ: 20 ಶಿಲ್ಲಿಂಗ್‌ಗೆ ಒಂದು ಪೌಂಡ್, 21ಕ್ಕೆ ಒಂದು ಗಿನಿ. ಇಡೀ ಕತೆ ಓಡುವುದೇ ಹಣದ ಮೇಲೆ, ಮೊತ್ತದ ಅಂದಾಜಿಲ್ಲದೆ ಅವಮಾನದ ಅಂದಾಜೂ ಸಿಗುವುದಿಲ್ಲ. ಸಿರಿವಂತ ಮಿಸ್ ಹ್ಯಾವಿಶಮ್ ಪಿಪ್‌ನನ್ನು ಕಮ್ಮಾರಿಕೆಗೆ ಹಚ್ಚಲು ಅವನ ಅಕ್ಕನ ಗಂಡ, ಕಮ್ಮಾರ ಜೋಗೆ ಕೊಡುವುದು 25 ಗಿನಿ, ಅಂದರೆ 525 ಶಿಲ್ಲಿಂಗ್. ಹೋಲಿಕೆಗೆ ಡಿಕನ್ಸ್‌ನದೇ ‘ಎ ಕ್ರಿಸ್‌ಮಸ್ ಕ್ಯಾರಲ್’ ಇದೆ: ಅಲ್ಲಿನ ಬಡ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಸಂಬಳ ವಾರಕ್ಕೆ 15 ಶಿಲ್ಲಿಂಗ್. ಅವನ 35 ವಾರದ ದುಡಿಮೆ ಒಂದು ಚೀಲದಲ್ಲಿ ಬಂತು. 36ನೇ ಅಧ್ಯಾಯದಲ್ಲಿ ವಯಸ್ಕನಾದ ಪಿಪ್‌ಗೆ ಸಿಗುವುದು ವರ್ಷಕ್ಕೆ 500 ಪೌಂಡ್, ಕ್ರ್ಯಾಚಿಟ್‌ನ ವರ್ಷದ ಸಂಬಳ 39 ಪೌಂಡ್. ಆ ಮೇಲೂ ಪಿಪ್ ಸಾಲ ಮಾಡುತ್ತಾನೆ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಮಕ್ಕಳು ಮೂರನೇ ಅಧ್ಯಾಯಕ್ಕೆ ಕೈಬಿಡಲು ಪದಗಳ ಕಷ್ಟಕ್ಕಿಂತ ವಾಕ್ಯದ ದಿಕ್ಕು ದೊಡ್ಡ ಕಾರಣ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು ಹೆಸರು ಆಮೇಲೆ ಬರುತ್ತದೆ, ಕ್ರಿಯಾಪದ ಕೊನೆಗೆ. ಡಿಕನ್ಸ್ ಮನುಷ್ಯನನ್ನು ಮೊದಲು ನಿಲ್ಲಿಸಿ ವಿವರವನ್ನು ಹಿಂದಿನಿಂದ ಜೋಡಿಸುತ್ತಾ ಹೋಗುತ್ತಾನೆ. ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದುವ ಹುಡುಗ ವಾಕ್ಯದ ಕೊನೆಗೆ ಹೋಗಿ ಹಿಂದಕ್ಕೆ ಬರಬೇಕು, ಅಷ್ಟರಲ್ಲಿ ಮೊದಲ ಅರ್ಧ ಮರೆತಿರುತ್ತದೆ. ಇದಕ್ಕೆ ಮದ್ದು ಕಿವಿ. ಮೊದಲ ಎರಡು ವಾರ ನೀವೇ ಓದಿ. ಮಕ್ಕಳು ಪೆನ್ಸಿಲ್ ಹಿಡಿದು, ನೀವು ಉಸಿರು ತೆಗೆದುಕೊಂಡ ಕಡೆಯೆಲ್ಲ ಒಂದು ಓರೆಗೆರೆ ಹಾಕಲಿ; ಅದು ಹೆಚ್ಚಾಗಿ ಅಲ್ಪವಿರಾಮ, ಅರ್ಧವಿರಾಮಗಳ ಬಳಿಯೇ ಬೀಳುತ್ತದೆ. ಆಮೇಲೆ ಗೆರೆಯಿಂದ ಗೆರೆಗೆ, ಒಂದೊಂದೇ ತುಂಡನ್ನು ಬಂದ ಕ್ರಮದಲ್ಲೇ ಅರ್ಥಮಾಡಿಕೊಳ್ಳಲಿ. ಕನ್ನಡದಲ್ಲಿ ಹೇಳುವುದಾದರೆ ಉದ್ದ ವಾಕ್ಯವನ್ನು ನಾಲ್ಕೈದು ಸಣ್ಣ ವಾಕ್ಯ ಮಾಡಿ ಹೇಳಲಿ, ಒಂದೇ ವಾಕ್ಯದಲ್ಲಿ ತುರುಕಲು ಬಿಡಬೇಡಿ. ಒಬ್ಬೊಬ್ಬರೂ ಸರದಿಯ ಮೇಲೆ ಎದ್ದುನಿಂತು ಒಂದೊಂದು ಪ್ಯಾರಾ ಓದುವ ಪದ್ಧತಿ ಬೇಡ. ತಡವರಿಸುವ ಓದು ವಾಕ್ಯದ ಲಯ ಮುರಿಯುತ್ತದೆ, ತನ್ನ ಸರದಿಗೆ ಹೆದರಿ ಕೂತವನಿಗೆ ಕತೆ ಕೇಳಿಸುವುದೂ ಇಲ್ಲ. ಮೂರನೇ ವಾರದಿಂದ ಸಂಭಾಷಣೆಯ ಭಾಗಗಳನ್ನು ಹಿಂದಿನ ದಿನವೇ ಹಂಚಿ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದವರು ಓದಲಿ, ನಿರೂಪಣೆ ನಿಮ್ಮ ಬಾಯಲ್ಲೇ ಇರಲಿ.

ಅರ್ಥ ಬದಲಾದ ಪದಗಳ ಬಗ್ಗೆ ಮುಂಚೆಯೇ ಎಚ್ಚರ ಇರಲಿ. ಶೀರ್ಷಿಕೆಯ ‘ಎಕ್ಸ್‌ಪೆಕ್ಟೇಷನ್ಸ್’ ಬರೀ ಆಸೆಯಲ್ಲ, ಮುಂದೆ ಆಸ್ತಿ ಬರುತ್ತದೆಂಬ ಭರವಸೆ. ಹತ್ತೊಂಬತ್ತನೇ ಶತಮಾನದ ಕಾದಂಬರಿಗಳಲ್ಲಿ ‘ಇಂಟರ್‌ಕೋರ್ಸ್’ ಎಂದರೆ ಮಾತುಕತೆ, ಒಡನಾಟ. ‘ಇಜ್ಯಾಕ್ಯುಲೇಟೆಡ್’ ಎಂದರೆ ಥಟ್ಟನೆ ಉದ್ಗರಿಸಿದ. ಇವು ಓದಿನ ಮಧ್ಯೆ ಬಂದರೆ ಹದಿನಾಲ್ಕರ ಹರೆಯದ ತರಗತಿ ನಗುವಿನಲ್ಲಿ ಮುಳುಗಿ ಪೀರಿಯಡ್ ಹೋಯಿತೆಂದೇ ಲೆಕ್ಕ. ಮೊದಲ ವಾರವೇ ಸಹಜವಾಗಿ ಹಲಗೆಯ ಮೇಲೆ ಬರೆದು ಅರ್ಥ ಹೇಳಿಬಿಡಿ. ಅಕ್ಕ ತನ್ನನ್ನು ‘ಬೈ ಹ್ಯಾಂಡ್’ ಬೆಳೆಸಿದಳು ಎಂಬ ಎರಡನೇ ಅಧ್ಯಾಯದ ಪಿಪ್‌ನ ಮಾತಿನ ನಗು ಇಂಗ್ಲಿಷ್ ವಿವರಣೆಯಲ್ಲಿ ಸತ್ತುಹೋಗುತ್ತದೆ. ಎದೆಹಾಲಿಲ್ಲದೆ ಕೈಯಿಂದ ಉಣಿಸಿ ಸಾಕಿದೆ ಎಂದು ಅವಳ ಅರ್ಥ, ಆ ಕೈಯ ಏಟು ತಿಂದ ಪಿಪ್‌ಗೆ ಬೇರೆಯೇ ಅರ್ಥ. ‘ಕೈಯಾರೆ ಬೆಳೆಸಿದಳು’ ಎಂದರೆ ಎರಡೂ ಬಂದುಬಿಡುತ್ತದೆ.

ಮನೆಮಾತು ಕನ್ನಡವಾದವರಿಗೆ ಈ ಕಾದಂಬರಿಯಲ್ಲಿ ಒಂದು ಅನುಕೂಲವಿದೆ, ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಅದಿಲ್ಲ. 27ನೇ ಅಧ್ಯಾಯದಲ್ಲಿ ಜೋ ಹಳ್ಳಿಯಿಂದ ಲಂಡನ್ನಿಗೆ, ಸಾಹುಕಾರನಾದ ಪಿಪ್‌ನ ಕೋಣೆಗೆ ಬರುತ್ತಾನೆ. ಟೋಪಿ ಎಲ್ಲಿಡಬೇಕೆಂದು ತಿಳಿಯದು, ಇಟ್ಟಲ್ಲಿಂದ ಅದು ಬೀಳುತ್ತಲೇ ಇರುತ್ತದೆ. ತಾನು ಎತ್ತಾಡಿಸಿದ ಹುಡುಗನನ್ನು ಒಮ್ಮೆ ‘ಪಿಪ್’ ಎನ್ನುತ್ತಾನೆ, ಒಮ್ಮೆ ‘ಸರ್’ ಎನ್ನುತ್ತಾನೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಯೂ’ ಒಂದೇ. ಮಕ್ಕಳಿಗೆ ಜೋನ ಮಾತುಗಳ ಪ್ರತಿ ಕೊಟ್ಟು, ಎಲ್ಲಿ ‘ನೀನು’, ಎಲ್ಲಿ ‘ನೀವು’ ಎಂದು ಬದಿಯಲ್ಲಿ ಬರೆಯಲು ಹೇಳಿ. ಹತ್ತು ನಿಮಿಷದ ಕೆಲಸ. ಯಾವ ಸಾಲಿನಲ್ಲಿ ಸಂಬಂಧ ಮುರಿಯಿತು, ಬೀಳ್ಕೊಡುವಾಗ ಯಾವ ಸಾಲಿನಲ್ಲಿ ಮರಳಿತು ಎಂದು ಅವರ ಪೆನ್ಸಿಲ್ಲೇ ತೋರಿಸುತ್ತದೆ. ಬಾಂಧವ್ಯ ಮರಳುವ ಆ ಸಾಲಿನಲ್ಲಿ ಜೋ, ಬದುಕೆಂದರೆ ಎಷ್ಟೋ ಅಗಲಿಕೆಗಳನ್ನು ಬೆಸೆದದ್ದು ಎನ್ನುತ್ತಾನೆ. ಒಬ್ಬ ಕಮ್ಮಾರ, ಒಬ್ಬ ತಗಡಿನ ಕೆಲಸದವ, ಒಬ್ಬ ಅಕ್ಕಸಾಲಿಗ ಎಂದು ಮುಂದುವರಿಸುತ್ತಾನೆ. ಬೆಸುಗೆ ಅವನ ಕಸುಬಿನ ಮಾತು. ಅಕ್ಷರ ಬಾರದವನಿಗೆ ರೂಪಕ ಕುಲುಮೆಯಿಂದಲೇ ಸಿಗುತ್ತದೆ. ಈ ಅಧ್ಯಾಯವೊಂದನ್ನು ಸರಿಯಾಗಿ ಕಲಿಸಿದರೆ ಉಳಿದದ್ದರಲ್ಲಿ ಅರ್ಧ ಸೋತರೂ ಚಿಂತೆಯಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಜೋ ಮತ್ತು ಕೈದಿಯ ಉಚ್ಚಾರಣೆಯೂ ಇಲ್ಲಿಗೇ ಸೇರುತ್ತದೆ. ಆಹಾರಕ್ಕೆ ‘ವಿಟಲ್ಸ್’ ಎನ್ನಬೇಕಾದಲ್ಲಿ ಕೈದಿ ಮೊದಲಕ್ಷರ ಬದಲಿಸಿ ಮಾತಾಡುತ್ತಾನೆ. ತರಗತಿ ನಗುತ್ತದೆ. ಆ ನಗುವನ್ನು ಬೈದು ನಿಲ್ಲಿಸಬೇಡಿ, ‘ಹಾಲು’ ಎನ್ನಲು ‘ಆಲು’ ಎನ್ನುವವರನ್ನು ಕಂಡು ಯಾರು, ಯಾಕೆ ನಗುತ್ತಾರೆ ಎಂದು ಕೇಳಿ. ಪಿಪ್‌ನ ನಾಚಿಕೆ ಶುರುವಾಗುವುದೂ ಮಾತಿನಿಂದಲೇ. ಎಂಟನೇ ಅಧ್ಯಾಯದಲ್ಲಿ ಇಸ್ಪೀಟಿನ ಗುಲಾಮನಿಗೆ ಅವನು ಹಳ್ಳಿಯ ಹೆಸರು ಹೇಳಿದ್ದಕ್ಕೆ ಮಿಸ್ ಹ್ಯಾವಿಶಮ್ ಸಾಕಿದ ಹುಡುಗಿ ಎಸ್ಟೆಲ್ಲಾ ಆಡಿಕೊಳ್ಳುತ್ತಾಳೆ, ಕೈಯ ಒರಟು ಮತ್ತು ಬೂಟಿನ ದಪ್ಪ ಆಮೇಲೆ. ನಿಮ್ಮ ತರಗತಿಯಲ್ಲೇ ಹಾಗೆ ಮಾತಾಡುವ ಮಕ್ಕಳಿರಬಹುದು, ಯಾರ ಮಾತನ್ನೂ ಅನುಕರಿಸಿ ತೋರಿಸಲು ಬಿಡಬೇಡಿ.

ಇದರಲ್ಲಿ ಕತೆ ಹೇಳುವವನು ಬೆಳೆದ ಪಿಪ್, ಅನುಭವಿಸುವವನು ಏಳು ವರ್ಷದ ಆಸುಪಾಸಿನ ಪಿಪ್. ಮಕ್ಕಳು ಬಹಳ ಸಲ ಎಡವುವುದು ಇಲ್ಲೇ. ಸಮಾಧಿಗಲ್ಲಿನ ಅಕ್ಷರದ ಆಕಾರ ನೋಡಿ ಅಪ್ಪ ಚೌಕಾಕಾರದ ಗಟ್ಟಿ ಆಸಾಮಿ ಎಂದು ಊಹಿಸುವುದು ಹುಡುಗ, ಆ ಊಹೆಯನ್ನು ನೋಡಿ ಮೆಲ್ಲಗೆ ನಗುವುದು ದೊಡ್ಡವನು. ಎರಡು ಬಣ್ಣದ ಪೆನ್ಸಿಲ್ ಕೊಟ್ಟು, ಹುಡುಗನಿಗೆ ಗೊತ್ತಿದ್ದದ್ದಕ್ಕೆ ಒಂದು, ದೊಡ್ಡವನಿಗೆ ಮಾತ್ರ ಗೊತ್ತಿರುವುದಕ್ಕೆ ಇನ್ನೊಂದು ಬಣ್ಣ ಹಾಕಿಸಿ. 1 ಮತ್ತು 8ನೇ ಅಧ್ಯಾಯಕ್ಕೆ ಮಾಡಿಸಿದರೆ ಸಾಕು, ಮುಂದೆ ತಾವಾಗಿ ಗುರುತಿಸುತ್ತಾರೆ.

ಈ ಎರಡು ದನಿಯ ಆಟದ ಫಲ 18ನೇ ಅಧ್ಯಾಯದ ನಂತರ ಸಿಗುತ್ತದೆ. ವಕೀಲ ಜ್ಯಾಗರ್ಸ್ ಬಂದು, ಹೆಸರು ಹೇಳಬಾರದ ಯಾರೋ ನಿನಗೆ ಆಸ್ತಿ ಕೊಡಲಿದ್ದಾರೆ ಎನ್ನುತ್ತಾನೆ. ಅಂದೇ ಪ್ರತಿಯೊಬ್ಬರೂ ಆ ದಾನಿ ಯಾರೆಂದು ಊಹಿಸಿ, ಕಾರಣ ಬರೆದು, ಚೀಟಿ ಮಡಚಿ ಲಕೋಟೆಗೆ ಹಾಕಲಿ. (ಅಂತರ್ಜಾಲದಲ್ಲಿ ನೋಡಿಕೊಂಡವರು ಬಾಯಿ ಬಿಡಬಾರದೆಂಬ ಕರಾರು ಇರಲಿ, ಕಾರಣ ಬರೆಯಬೇಕಾದ್ದರಿಂದ ಅವರಿಗೂ ಕೆಲಸವಿದೆ.) ಹೆಚ್ಚಿನವರು ಮಿಸ್ ಹ್ಯಾವಿಶಮ್ ಎನ್ನುತ್ತಾರೆ, ಯಾಕೆಂದರೆ ಪಿಪ್ ಹಾಗೆ ಎಣಿಸುತ್ತಾನೆ, 11ರಲ್ಲಿ ಜ್ಯಾಗರ್ಸ್ ಅವಳ ಮನೆಯ ಮೆಟ್ಟಿಲ ಮೇಲೆ ಕಂಡಿರುತ್ತಾನೆ. ಆದರೆ 10ರಲ್ಲಿ ಅಪರಿಚಿತನೊಬ್ಬ, ಪಿಪ್ ಕೈದಿಗೆ ಕದ್ದು ಕೊಟ್ಟ ಅರದಿಂದಲೇ ರಮ್ ಕಲಕಿದ್ದು, ಒಂದೊಂದು ಪೌಂಡಿನ ಎರಡು ನೋಟು ಕೊಟ್ಟದ್ದು, 28ರಲ್ಲಿ ಕೋಚಿನಲ್ಲಿ ಕೂತ ಕೈದಿ ಅದೇ ನೋಟುಗಳ ಕತೆ ಹೇಳಿದ್ದು ಎಲ್ಲರ ಕಣ್ಣಮುಂದೆಯೇ ಇತ್ತು. ದಾನಿ ಮೊದಲ ಅಧ್ಯಾಯದ ಕೈದಿಯೇ ಎಂದು 39ರಲ್ಲಿ ಬಯಲಾಗುತ್ತದೆ, ಅದನ್ನು ಓದಿದ ಮರುದಿನ ಲಕೋಟೆ ತೆರೆಯಿರಿ. ನಾವೂ ಯಾಕೆ ಪಿಪ್‌ನಂತೆಯೇ ಮೋಸಹೋದೆವು ಎನ್ನುವ ಚರ್ಚೆ ಆಗ ಶುರುಮಾಡಿಸಬೇಕಾಗಿಯೇ ಇಲ್ಲ.

ಸಿನಿಮಾ ಖಂಡಿತ ತೋರಿಸಿ, ಓದಿದ ಮೇಲೆ, ತುಣುಕುಗಳಲ್ಲಿ. ಡೇವಿಡ್ ಲೀನ್ 1946ರಲ್ಲಿ ಮಾಡಿದ ಚಿತ್ರದ ಸ್ಮಶಾನದ ಆರಂಭ ಸಾಕು. ಮೊದಲೇ ತೋರಿಸಿದರೆ ಮಕ್ಕಳ ತಲೆಯಲ್ಲಿ ಆ ನಟರ ಮುಖ ಕೂತುಬಿಡುತ್ತದೆ, ವಾಕ್ಯ ಕೆಲಸ ಮಾಡುವುದಿಲ್ಲ. ಓದಿದ ಮೇಲಾದರೆ ಕ್ಯಾಮೆರಾಗೆ ಏನು ಸಿಗಲಿಲ್ಲ ಎಂದು ಕೇಳಬಹುದು.

ಪರೀಕ್ಷೆಯ ಪ್ರಶ್ನೆ ಬದಲಾಗದೆ ಗೈಡ್ ಹೋಗುವುದಿಲ್ಲ. ‘ಜೋನ ಪಾತ್ರಚಿತ್ರಣ ಮಾಡಿ’ ಎಂದರೆ ಗೈಡ್‌ನಲ್ಲಿ ಉತ್ತರ ಸಿದ್ಧವಿದೆ. 27ನೇ ಅಧ್ಯಾಯದ 12ರಿಂದ 15 ಸಾಲು ಕೊಟ್ಟು, ‘ಇಲ್ಲಿ ಜೋನ ಮುಜುಗರವನ್ನು ಯಾವ ಮೂರು ಮಾತು ಅಥವಾ ಕ್ರಿಯೆಗಳು ತೋರಿಸುತ್ತವೆ, ಪಿಪ್ ಅದನ್ನು ಆಗ ಹೇಗೆ ಕಂಡ, ಈಗ ಹೇಗೆ ಕಾಣುತ್ತಾನೆ’ ಎಂದು ಕೇಳಿ. 150ರಿಂದ 200 ಪದ, 10 ಅಂಕ: ಆಯ್ದ ಪದಗಳಿಗೆ 4, ಆ ಪದ ಏನು ಮಾಡುತ್ತದೆ ಎಂಬ ವಿವರಣೆಗೆ 4, ಭಾಷೆಗೆ 2. ಇದೇ ಬಗೆಯ ಪ್ರಶ್ನೆಯನ್ನು ಎರಡು ವಾರಕ್ಕೊಮ್ಮೆ ಅಭ್ಯಾಸಕ್ಕೆ ಕೊಡಿ. 42ನೇ ಅಧ್ಯಾಯ ಇದಕ್ಕೆ ಬಹಳ ಒಳ್ಳೆಯದು. ಒಂದೇ ಅಪರಾಧಕ್ಕೆ ಜೆಂಟಲ್‌ಮನ್ ಕಾಂಪೆಸನ್‌ಗೆ 7 ವರ್ಷ, ಅವನ ಜೊತೆಗಾರ, ಮೊದಲ ಅಧ್ಯಾಯದ ಕೈದಿ ಮ್ಯಾಗ್ವಿಚ್‌ಗೆ 14 ವರ್ಷ ಶಿಕ್ಷೆ. ಬಟ್ಟೆ, ಮಾತು, ಕರವಸ್ತ್ರ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದು ಹೇಗೆ ಎಂದು ಮಕ್ಕಳು ಚೆನ್ನಾಗಿ ಬರೆಯುತ್ತಾರೆ.

ಎರಡನೇ ಅಧ್ಯಾಯದ ಬೆತ್ತದ ಏಟನ್ನು ಡಿಕನ್ಸ್ ನಗಿಸುತ್ತಲೇ ಬರೆದಿದ್ದಾನೆ. ಮನೆಯಲ್ಲಿ ಹೊಡೆತ ತಿನ್ನುವ ಮಗು ತರಗತಿಯಲ್ಲಿರಬಹುದು, ಆ ಭಾಗಕ್ಕೆ ಅಭಿನಯ ಬೇಡ. ಏಟು ಕೊಡುವ ಆ ಅಕ್ಕ, ಮಿಸೆಸ್ ಜೋ, ಕತೆಯಲ್ಲಿ ಮುಂದೆ ತಾನೇ ಪೆಟ್ಟು ತಿಂದು ಮಾತು ಕಳೆದುಕೊಂಡಾಗ, ‘ಅವಳಿಗೆ ತಕ್ಕ ಶಾಸ್ತಿಯಾಯಿತು’ ಎಂದು ಯಾರಾದರೂ ಹೇಳಿದರೆ ಮುಂದಕ್ಕೆ ಹೋಗದೆ ನಿಲ್ಲಿ. ಕಾದಂಬರಿಯೂ ಹಾಗೆಯೇ ಎಣಿಸುತ್ತದೆಯೇ ಎಂದು ಪಠ್ಯದಿಂದಲೇ ಹುಡುಕಿಸಿ.

ಶಾಲೆ 42 ಪೀರಿಯಡ್ ಕೊಡದೆ 12 ಮಾತ್ರ ಕೊಟ್ಟರೆ ಈ ಕಾದಂಬರಿಯನ್ನು ಮುಟ್ಟಲೇಬೇಡಿ. 1843ರ ‘ಎ ಕ್ರಿಸ್‌ಮಸ್ ಕ್ಯಾರಲ್’ ಐದೇ ಭಾಗ, ಸುಮಾರು 28,000 ಪದ, ಮೂರು ಗಂಟೆ ಚಿಲ್ಲರೆಯಲ್ಲಿ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ ಮುಗಿಯುತ್ತದೆ.

ಕೊನೆಯ ಎರಡು ಪೀರಿಯಡ್ ಎರಡು ಮುಕ್ತಾಯಗಳಿಗೆ. ಡಿಕನ್ಸ್ ಮೊದಲು ಬರೆದದ್ದರಲ್ಲಿ ಪಿಪ್ ಮತ್ತು ಮರುಮದುವೆಯಾದ ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಭೇಟಿಯಾಗಿ ಬೇರೆಯಾಗುತ್ತಾರೆ. ಗೆಳೆಯ ಬುಲ್ವರ್ ಲಿಟ್ಟನ್‌ನ ಸಲಹೆಯ ಮೇಲೆ ಅದನ್ನು ಬದಲಿಸಿ, ಪಾಳುಬಿದ್ದ ತೋಟದಲ್ಲಿ ಇಬ್ಬರೂ ಕೈಹಿಡಿದು ಹೊರಬರುವಂತೆ ಮಾಡಿದ. ಹಳೆಯ ಮುಕ್ತಾಯ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1874ರಲ್ಲಿ, ಗೆಳೆಯ ಫಾರ್ಸ್ಟರ್ ಬರೆದ ಅವನ ಜೀವನಚರಿತ್ರೆಯಲ್ಲಿ. ಎರಡನ್ನೂ ಓದಿಸಿ, ಯಾವುದು ಸರಿ ಎಂದು ಮತ ಹಾಕಿಸಿ. ಮತ ಹಾಕುವವರು 8, 29, 38, 44ನೇ ಅಧ್ಯಾಯಗಳಿಂದ ಒಂದೊಂದು ಸಾಲು ಸಾಕ್ಷಿ ತರಬೇಕು. ಹೊಸ ಮುಕ್ತಾಯದ ಕೊನೆಯ ಮಾತನ್ನೂ ಡಿಕನ್ಸ್ ಮತ್ತೆ ತಿದ್ದಿದ. ಅವಳಿಂದ ಅಗಲುವ ನೆರಳೇ ಕಾಣಲಿಲ್ಲ ಎಂಬರ್ಥದ 1861ರ ಸಾಲು, ನಂತರದ ಆವೃತ್ತಿಯಲ್ಲಿ ಇನ್ನೊಂದು ಅಗಲಿಕೆಯ ನೆರಳು ಕಾಣಲಿಲ್ಲ ಎಂದಾಯಿತು. ನಿಮ್ಮ ಕೈಲಿರುವ ಪುಸ್ತಕದಲ್ಲಿ ಯಾವುದಿದೆ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಯಾವ ಪಿಪ್‌ನಲ್ಲಿ ಅನುಮಾನ ಉಳಿದಿದೆ ಎಂದು ಕೇಳಿ.